ಮೂಲ ಬಳಗದ ಪುನರ್ಮಿಲನ: ಬ್ಲ್ಯಾಕ್ ಸಬಾತ್ ತಂಡವನ್ನು ಕುರಿತು ಒಂದು ವಿಚಾರ



ಲಲಿತಕಲೆಗಳಿಗೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಮ್ಮೆ ಇಲ್ಲಿ ಉಪನ್ಯಾಸ ನಡೆಯಬೇಕೆಂದೂ, ಆ ವಿಷಯವು ನಮ್ಮ ನಾಡಿನದೇ ಆಗಿರಬೇಕೆಂಬ ಕಟ್ಟಳೆಯನ್ನು ಉಪನ್ಯಾಸಕಾರನ ಮೇಲೆ ಹೇರಕೂಡದೆಂದೂ ದತ್ತಿಯನ್ನು ಏರ್ಪಡಿಸಿದವರು ಉದಾರ ಮನಸ್ಸಿನಿಂದ ವಿಧಿಸಿರುವುದರಿಂದ, ಇಂದು ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ಸಂಗೀತಗಾರರ ವಿಚಾರವನ್ನು ತಮ್ಮ ಮುಂದೆ ನಿವೇದಿಸಲು ಧೈರ್ಯ ತಾಳಿದ್ದೇನೆ. ಟೋನಿ ಐಯೋಮಿ, ಆಜಿ ಆಸ್ಬರ್ನ್, ಗೀಜರ್ ಬಟ್ಲರ್, ಬಿಲ್ ವಾರ್ಡ್ ಎಂಬ ಈ ನಾಲ್ವರು 1968ರಲ್ಲಿ ಕೂಡಿ ಕಟ್ಟಿದ ಬ್ಲ್ಯಾಕ್ ಸಬಾತ್ ತಂಡವು, ಹೆವಿ ಮೆಟಲ್ ಎಂದು ಇಂದು ಲೋಕವೆಲ್ಲ ಕರೆಯುವ ಸಂಗೀತಪ್ರಕಾರಕ್ಕೆ ತಾಯಿಬೇರಾಯಿತೆಂಬ ವಿಷಯದಲ್ಲಿ ಬಲ್ಲವರೊಳಗೆ ಭಿನ್ನಾಭಿಪ್ರಾಯ ವಿರಳ. ಈ ಸಭೆಯಲ್ಲಿರುವವರಲ್ಲಿ ಕೆಲವರಾದರೂ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡದ ಕಾರ್ಯಕ್ರಮವನ್ನು ಕೇಳಿದ್ದಿರಬಹುದು. ಅಂದು ಆ ಮೈದಾನದಲ್ಲಿ ಮೊಳಗಿದ ನಾದದ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು ತಲಪುವ ಮೂಲಪುರುಷರು ಈ ನಾಲ್ವರೇ.

ನಾನು ವಿಚಾರಕ್ಕೆತ್ತಿಕೊಂಡಿರುವ ಪ್ರಶ್ನೆ ಇದು: ಯೌವನದಲ್ಲಿ ಕೂಡಿ ದುಡಿದು, ಕೀರ್ತಿಯನ್ನು ಪಡೆದು, ಅನಂತರ ವೈಮನಸ್ಯದಿಂದಲೋ ವ್ಯಸನದಿಂದಲೋ ಚದುರಿಹೋದ ಒಂದು ಹಿರಿಯ ರಾಕ್ ತಂಡವು, ದಶಕಗಳು ಕಳೆದ ಮೇಲೆ ತನ್ನ ಮೂಲ ಬಳಗವನ್ನು ಮತ್ತೆ ಒಂದುಗೂಡಿಸಿಕೊಂಡು ವೇದಿಕೆಯನ್ನು ಏರುವುದು ಯುಕ್ತವೊ, ಅಯುಕ್ತವೊ? ನನ್ನ ನಿಲವನ್ನು ಮೊದಲೇ ಅರಿಕೆಮಾಡುತ್ತೇನೆ. ಒಂದುಗೂಡುವುದು ಯುಕ್ತವೆಂದೇ ನಾನು ನಂಬಿದ್ದೇನೆ. ಆದರೆ ಆ ಪುನರ್ಮಿಲನವು ಯೋಗ್ಯವಾದದ್ದೆ ಎಂಬುದನ್ನು ನಿರ್ಣಯಿಸಲು ನನ್ನಲ್ಲಿರುವುದು ಒಂದೇ ಅಳತೆಗೋಲು: ಯಾವ ಸದಸ್ಯನನ್ನು ಬಿಟ್ಟರೂ ಕೆಲಸ ಸಾಗೀತೆಂದು ಲೋಕವು ಎಣಿಸುತ್ತದೆಯೋ, ಆತನಿಗೆ ಅಲ್ಲಿ ದೊರೆತ ಸ್ಥಾನ ಎಂಥದು? ಮೂಲ ಬಳಗವೆಂದರೆ ಯಾರೆಂಬುದನ್ನು ಮೊದಲು ವಿಚಾರಿಸಿ, ಅನಂತರ ಈ ನಾಲ್ವರು ಅಗಲಿದ ಮತ್ತು ಕೂಡಿದ ಇತಿಹಾಸವನ್ನು ಹೇಳಿ, ಪುನರ್ಮಿಲನಕ್ಕೆ ವಿರೋಧವಾಗಿ ಕೇಳಿಬರುವ ಮಾತುಗಳನ್ನು ಪರಿಶೀಲಿಸಿದ ಮೇಲೆ, 2025ರ ಜುಲೈ 5ರ ಆ ಒಂದು ಸಂಜೆಗೆ ಬರುತ್ತೇನೆ.

ತಂಡದಲ್ಲಿ ಮೊಟ್ಟಮೊದಲು ಇದ್ದವರೇ ಮೂಲ ಬಳಗವೆಂದು ಹಿಡಿದರೆ ನಾವು ಬಹುಬೇಗ ತೊಡಕಿಗೆ ಸಿಕ್ಕುತ್ತೇವೆ. ಬೀಟಲ್ಸ್ ತಂಡಕ್ಕೆ ರಿಂಗೊ ಸ್ಟಾರ್ ಅವರು ಬಂದದ್ದು 1962ರ ಆಗಸ್ಟಿನಲ್ಲಿ. ಅದಕ್ಕೆ ಮೊದಲು ಡ್ರಮ್ಸ್ ಬಾರಿಸುತ್ತಿದ್ದವರು ಬೇರೆ. 1968ರಲ್ಲಿ ಆರಂಭವಾದ ಡೀಪ್ ಪರ್ಪಲ್ ತಂಡವು 1984ರಲ್ಲಿ ಪುನಃ ಕೂಡಿದಾಗ ಅಭಿಮಾನಿಗಳು ಮೂಲ ಬಳಗವೇ ಮರಳಿತೆಂದು ಹರ್ಷಿಸಿದರಷ್ಟೆ. ಆ ಐವರಲ್ಲಿ ಗಾಯಕ ಇಯಾನ್ ಗಿಲನ್ ಮತ್ತು ಬೇಸ್ ಗಿಟಾರಿನ ರೋಜರ್ ಗ್ಲೋವರ್ ಅವರು ತಂಡವನ್ನು ಸೇರಿದ್ದು 1969ರಲ್ಲಿ. ಪಿಂಕ್ ಫ್ಲಾಯ್ಡ್ ತಂಡದ ವಿಷಯವಂತೂ ಇನ್ನೂ ಸೂಕ್ಷ್ಮವಾದದ್ದು: ಅದಕ್ಕೆ ಆರಂಭದ ಪ್ರಾಣವನ್ನು ಕೊಟ್ಟ ಸಿಡ್ ಬ್ಯಾರೆಟ್ ಅವರು ಮನಸ್ಸಿನ ಅಸ್ವಾಸ್ಥ್ಯದಿಂದ 1968ರಲ್ಲೇ ದೂರವಾದರು, ಲೋಕವು ಇಂದು ಆ ಹೆಸರಿನಿಂದ ನೆನೆಯುವ ನಾಲ್ವರಲ್ಲಿ ಅವರು ಇಲ್ಲ. ಆದ್ದರಿಂದ ಹಾಜರಿಪಟ್ಟಿಯ ಮೊದಲ ಸಾಲನ್ನು ನೋಡಿ ಮೂಲ ಬಳಗವನ್ನು ಗುರುತಿಸಲಾಗದು. ಯಾರು ಯಾರಿಗೆ ಕಿವಿಗೊಟ್ಟು ನುಡಿಸುತ್ತ ನುಡಿಸುತ್ತ ಆ ತಂಡದ ವಿಶಿಷ್ಟವಾದ ನಾದವು ಮೊದಲ ಬಾರಿಗೆ ಹುಟ್ಟಿತೊ, ಅವರೇ ಮೂಲ ಬಳಗ ಎಂದು ನಾನು ತಿಳಿಯುತ್ತೇನೆ.

ಬ್ಲ್ಯಾಕ್ ಸಬಾತ್‌ನ ವಿಷಯದಲ್ಲಿ ಆ ನಾದ ಹುಟ್ಟಿದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ತಮ್ಮ ಅನುಮತಿಯನ್ನು ಬೇಡುತ್ತೇನೆ. ಏಕೆಂದರೆ ನನ್ನ ವಾದವೆಲ್ಲ ಅದರ ಮೇಲೆ ನಿಂತಿದೆ. ಆಸ್ಟನ್ ಎಂಬುದು ಬರ್ಮಿಂಗ್‌ಹ್ಯಾಮ್ ನಗರದ ಕಾರ್ಖಾನೆಗಳ ನಡುವಣ ದುಡಿಮೆಗಾರರ ಬಡಾವಣೆ. ಅಲ್ಲಿ ಬೆಳೆದ ಐಯೋಮಿಯವರು ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡುಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಸಂಗೀತವನ್ನೇ ವೃತ್ತಿಯಾಗಿ ಹಿಡಿಯಲು ಕೆಲಸವನ್ನು ಬಿಡುತ್ತಿದ್ದ ಕೊನೆಯ ದಿನ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವರು ಮರಳಿ ಹೋಗಲು ಮನಸ್ಸಿಲ್ಲದೆ ನಿಂತಾಗ, ಹಿಡಿದ ಕೆಲಸವನ್ನು ನೆಟ್ಟಗೆ ಮುಗಿಸಿ ಬರಬೇಕೆಂದು ತಾಯಿ ಹೇಳಿದ್ದರಿಂದ ಹೋದರು. ಅಂದು ಮಧ್ಯಾಹ್ನವೇ, ತಮಗೆ ರೂಢಿಯಿಲ್ಲದ ಒತ್ತುಯಂತ್ರಕ್ಕೆ ಕೈ ಸಿಕ್ಕಿ, ಬಲಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿಗಳು ತುಂಡಾದುವು. ಅವರು ಎಡಚರಾದ್ದರಿಂದ ಗಿಟಾರಿನ ತಂತಿಗಳನ್ನು ಒತ್ತಿ ಹಿಡಿಯುತ್ತಿದ್ದ ಕೈ ಅದೇ. ಹತಾಶರಾಗಿ ಕುಳಿತ ಆ ಹುಡುಗನಿಗೆ ಕಾರ್ಖಾನೆಯ ಮೇಲ್ವಿಚಾರಕರು ಜ್ಯಾಂಗೊ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯೊಂದನ್ನು ಕೇಳಿಸಿದರು. ಸುಟ್ಟಗಾಯದಿಂದ ಎಡಗೈಯ ಎರಡು ಬೆರಳುಗಳು ನಿಷ್ಪ್ರಯೋಜಕವಾದ ಮೇಲೂ ಯುರೋಪಿನ ಜಾಝ್ ಗಿಟಾರಿಗೆ ಕಿರೀಟಪ್ರಾಯರಾದ ಕಲಾವಿದರವರು. ಅದನ್ನು ಕೇಳಿ ಧೈರ್ಯ ತಂದುಕೊಂಡ ಐಯೋಮಿಯವರು ಪಾತ್ರೆ ತೊಳೆಯುವ ಸಾಬೂನುನೀರಿನ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಉಂಡೆಮಾಡಿ, ಬೆಸುಗೆಯ ಕಾದ ಸಲಾಕೆಯಿಂದ ಅದರಲ್ಲಿ ಬೆರಳು ಹೋಗುವಷ್ಟು ಕುಳಿ ತೆಗೆದು, ಉಜ್ಜಿ ಉಜ್ಜಿ ನಯಮಾಡಿ, ಹಳೆಯ ಜಾಕೆಟ್ಟಿನ ತೊಗಲನ್ನು ಮೇಲೆ ಅಂಟಿಸಿ, ಎರಡು ಬೆರಳಗವಸುಗಳನ್ನು ತಾವೇ ತಯಾರಿಸಿಕೊಂಡರು. ಆ ಕೃತಕ ತುದಿಗಳಿಗೆ ತಂತಿಯ ಸ್ಪರ್ಶ ತಿಳಿಯದು; ದಪ್ಪ ತಂತಿಗಳನ್ನು ಒತ್ತಿದರೆ ನೋವು. ಆದ್ದರಿಂದ ತೆಳುವಾದ ತಂತಿಗಳನ್ನು ಹಾಕಿದರು. ಮುಂದೆ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹೊತ್ತಿಗೆ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ತಗ್ಗಿಸಿ ತಂತಿಗಳನ್ನು ಸಡಿಲಿಸಿಕೊಂಡರು. ಗಾಯಗೊಂಡ ಕೈಯ ಅನುಕೂಲಕ್ಕಾಗಿ ಕಂಡುಕೊಂಡ ಆ ತಗ್ಗಿದ ಶ್ರುತಿಯಿಂದ ಹೊರಟ ಗಂಭೀರ ಘೋಷವನ್ನು ಅನಂತರದ ಅಸಂಖ್ಯ ತಂಡಗಳು, ಹತ್ತು ಬೆರಳೂ ನೆಟ್ಟಗಿದ್ದವರು, ಆದರ್ಶವೆಂದು ಅನುಕರಿಸಿದರು.

ಐಯೋಮಿಯವರ ಕೈಯೊಂದರಿಂದಲೇ ಈ ನಾದವು ಪೂರ್ಣವಾಗಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬಟ್ಲರ್ ಅವರು ಮೊದಲು ಗಿಟಾರನ್ನೇ ನುಡಿಸುತ್ತಿದ್ದು ಈ ತಂಡಕ್ಕಾಗಿ ಬೇಸ್ ಗಿಟಾರನ್ನು ಹಿಡಿದವರು. ಆದ್ದರಿಂದ ಅವರ ವಾದನವು ಗಿಟಾರಿನ ಸ್ವರಪಂಕ್ತಿಯನ್ನು ತಳದಲ್ಲಿ ಬಿಡದೆ ಹಿಂಬಾಲಿಸುತ್ತದೆ. ಹಾಡುಗಳ ಸಾಹಿತ್ಯದಲ್ಲಿ ಬಹುಭಾಗ ಅವರದೇ. ಆಸ್ಬರ್ನ್ ಅವರ ಕಂಠವು ಶಿಕ್ಷಿತವಾದದ್ದಲ್ಲ. ಆದರೆ ಭಯಗೊಂಡ ಮನುಷ್ಯನು ನೆರೆಯವನನ್ನು ಕೂಗಿ ಕರೆಯುವ ಆರ್ತತೆ ಅದರಲ್ಲಿತ್ತು, ಅದನ್ನು ಯಾವ ಶಿಕ್ಷಣವೂ ಕೊಡಲಾರದು. ಇನ್ನು ವಾರ್ಡ್ ಅವರು ಜೀನ್ ಕ್ರೂಪ, ಬಡ್ಡಿ ರಿಚ್ ಮೊದಲಾದ ಜಾಝ್ ಡ್ರಮ್ಮರುಗಳನ್ನು ಕೇಳಿ ಬೆಳೆದವರು. ಭಾರವಾದ ಸ್ವರಪಂಕ್ತಿಯು ಒಂದೇ ಹೆಜ್ಜೆಯಲ್ಲಿ ನಡೆಯುತ್ತಿರುವಾಗ ಅವರ ಕೈಗಳು ಆ ಹೆಜ್ಜೆಗೆ ಒಂದು ತೂಗಾಟವನ್ನು ಕೊಡುತ್ತವೆ, ಕೆಲವೆಡೆ ಮುಂದೋಡಿ ಕೆಲವೆಡೆ ಹಿಂದೆಗೆದು ಗಿಟಾರಿಗೆ ಪ್ರತ್ಯುತ್ತರವನ್ನು ಹೇಳುತ್ತವೆ. ನಮ್ಮ ಕರಾವಳಿಯ ಯಕ್ಷಗಾನವನ್ನು ಬಲ್ಲವರಿಗೆ ಇದು ಹೊಸದಲ್ಲ: ಭಾಗವತರು ಉಸಿರು ತೆಗೆದುಕೊಳ್ಳುವ ಜಾಗವನ್ನು ಬಲ್ಲ ಮದ್ದಳೆಗಾರನು ಬದಲಾದರೆ, ತಾಳ ತಪ್ಪದೆ ಇದ್ದರೂ ಪದ್ಯದ ನಡೆ ಬದಲಾಗುತ್ತದೆ.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. 1970ರ ‘ಪ್ಯಾರನಾಯ್ಡ್’ ಆಲ್ಬಮ್ಮಿನ ಮೊದಲ ಕೃತಿ ‘ವಾರ್ ಪಿಗ್ಸ್’. ನಿಧಾನವಾದ ಪ್ರವೇಶಭಾಗವು ಮುಗಿದೊಡನೆ, ಗಿಟಾರೂ ಬೇಸ್ ಗಿಟಾರೂ ಒಟ್ಟಾಗಿ ಎರಡು ಪೆಟ್ಟುಗಳನ್ನು ಹೊಡೆದು ಸುಮ್ಮನಾಗುತ್ತವೆ. ಆ ಖಾಲಿಯಾದ ಅವಕಾಶದಲ್ಲಿ ಉಳಿಯುವುದು ವಾರ್ಡ್ ಅವರ ಜೋಡಿ ತಾಳಗಳ ಸಣ್ಣ ಟಿಕ್ಕು ಟಿಕ್ಕೆಂಬ ಎಣಿಕೆಯೊಂದೇ. ಅದರ ಮೇಲೆ ಆಸ್ಬರ್ನ್ ಅವರ ಕಂಠವು ಒಂಟಿಯಾಗಿ ಏಳುತ್ತದೆ. ಸಾಲು ಮುಗಿದೊಡನೆ ಮತ್ತೆ ಆ ಎರಡು ಪೆಟ್ಟು, ಮತ್ತೆ ಮೌನ. ಹಾಡುವವನು ಎಣಿಕೆಗಾರನನ್ನು ನಂಬಿದ್ದಾನೆ, ಎಣಿಕೆಗಾರನು ಹಾಡುವವನ ಉಸಿರನ್ನು ಕಾಯುತ್ತಿದ್ದಾನೆ, ಉಳಿದಿಬ್ಬರು ಕೈಯೆತ್ತಿ ಹಿಡಿದು ತಮ್ಮ ಕ್ಷಣಕ್ಕಾಗಿ ಕಾದಿದ್ದಾರೆ. ನಾಲ್ವರೂ ಒಬ್ಬರನ್ನೊಬ್ಬರು ಎಷ್ಟು ನೆಚ್ಚಿದ್ದರೆಂಬುದು ಅವರು ನುಡಿಸಿದ ಜಾಗಕ್ಕಿಂತ ನುಡಿಸದೆ ಬಿಟ್ಟ ಜಾಗದಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. ಇಂಥ ನೆಚ್ಚಿಕೆ ಸಣ್ಣ ಸಭಾಂಗಣಗಳಲ್ಲಿ ರಾತ್ರಿಯ ಮೇಲೆ ರಾತ್ರಿ ನುಡಿಸಿ ಸಂಪಾದಿಸಿದ್ದು. ಅದರ ಬಲದಿಂದಲೇ ಅವರು 1969ರ ಅಕ್ಟೋಬರಿನಲ್ಲಿ ತಮ್ಮ ಮೊದಲ ಆಲ್ಬಮ್ಮಿನ ಧ್ವನಿಮುದ್ರಣವನ್ನು ಸರಿಸುಮಾರು ಒಂದೇ ದಿನದಲ್ಲಿ ಮುಗಿಸಿದರು. 1970ರ ಫೆಬ್ರವರಿ 13ರಂದು ಅದು ಪ್ರಕಟವಾಯಿತು. ಆ ಕಾಲದ ಅವರ ಹಾಡುಗಳ ಕರ್ತೃತ್ವವು ನಾಲ್ವರ ಹೆಸರಿನಲ್ಲಿಯೂ ನಮೂದಾಗಿದೆ ಎಂಬುದನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ಎರಡನೆಯ ಭಾಗಕ್ಕೆ, ಅಗಲಿಕೆಯ ಕಥೆಗೆ ಬರೋಣ. ಕೀರ್ತಿಯ ಜತೆಗೆ ಬಂದ ಮದ್ಯ ಮತ್ತು ಮಾದಕ ದ್ರವ್ಯಗಳ ವ್ಯಸನವು 1970ರ ದಶಕದ ಕೊನೆಯ ಹೊತ್ತಿಗೆ ತಂಡವನ್ನು ಜರ್ಜರಿತವಾಗಿ ಮಾಡಿತ್ತು. 1979ರಲ್ಲಿ ಆಸ್ಬರ್ನ್ ಅವರನ್ನು ಹೊರಗೆ ಕಳುಹಿಸಬೇಕೆಂದು ನಿಶ್ಚಯವಾದಾಗ ಆ ಕಠಿನ ವಾರ್ತೆಯನ್ನು ಅವರಿಗೆ ತಿಳಿಸುವ ಹೊಣೆ ಬಿದ್ದದ್ದು, ಎಲ್ಲರಿಗಿಂತ ಅವರಿಗೆ ಆಪ್ತರಾಗಿದ್ದ ವಾರ್ಡ್ ಅವರ ಮೇಲೆ. ಮರುವರ್ಷ ವಾರ್ಡ್ ಅವರೂ ಪ್ರವಾಸದ ನಡುವೆಯೇ ತಂಡವನ್ನು ಬಿಟ್ಟು ನಡೆದರು. ಆಸ್ಬರ್ನ್ ಅವರ ಸ್ಥಾನಕ್ಕೆ ಬಂದ ರಾನಿ ಜೇಮ್ಸ್ ಡಿಯೊ ಅವರೊಡನೆ ತಂಡವು 1980ರಲ್ಲಿ ‘ಹೆವೆನ್ ಅಂಡ್ ಹೆಲ್’ ಎಂಬ ಆಲ್ಬಮ್ಮನ್ನು ರಚಿಸಿತು. ಮೂಲ ಬಳಗದ ಪರವಾಗಿ ಮಾತನಾಡುವವರು ಇಲ್ಲಿ ಪಕ್ಷಪಾತಕ್ಕೆ ಎಡೆಗೊಡಬಾರದು: ಅದು ಶ್ರೇಷ್ಠವಾದ ಕೃತಿ, ಡಿಯೊ ಅವರು ಶ್ರೇಷ್ಠ ಗಾಯಕರು. ಆದರೆ ಅದು ಬೇರೊಂದು ತಂಡದ ಸಂಗೀತ ಎಂಬುದನ್ನು ಆ ತಂಡದವರೇ ಮುಂದೆ ಒಪ್ಪಿಕೊಂಡಂತಾಯಿತು. 2006ರ ಬಳಿಕ ಐಯೋಮಿ ಮತ್ತು ಬಟ್ಲರ್ ಅವರು ಡಿಯೊ ಅವರೊಡನೆ ಮತ್ತೆ ಕೂಡಿದಾಗ ಬ್ಲ್ಯಾಕ್ ಸಬಾತ್ ಎಂಬ ಹೆಸರನ್ನು ಬಳಸದೆ, ಆ ಆಲ್ಬಮ್ಮಿನ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡು 2010ರಲ್ಲಿ ಡಿಯೊ ಅವರು ತೀರಿಕೊಳ್ಳುವವರೆಗೆ ನಡೆಸಿದರು. ಇದು ನನಗೆ ಬಹಳ ಸಭ್ಯವಾದ ನಡೆಯಾಗಿ ಕಾಣುತ್ತದೆ.

ನಾಲ್ವರು ಮತ್ತೆ ಕೂಡಿದ್ದು ಒಮ್ಮೆಯಲ್ಲ. 1985ರ ಜುಲೈ 13ರಂದು ಫಿಲಡೆಲ್ಫಿಯದಲ್ಲಿ ನಡೆದ ಲೈವ್ ಏಡ್ ಕಾರ್ಯಕ್ರಮದ ಬೆಳಗಿನ ಹೊತ್ತು ಅವರು ಕೆಲವೇ ನಿಮಿಷಗಳ ಕಾಲ ಒಟ್ಟಿಗೆ ನುಡಿಸಿದರು. 1997ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿಯೇ ಎರಡು ರಾತ್ರಿ ನುಡಿಸಿದ್ದನ್ನು ಮುಂದಿನ ವರ್ಷ ಆಲ್ಬಮ್ಮಾಗಿ ಹೊರತಂದರು. ಆ ಬಳಿಕ 2005ರವರೆಗೆ ಆಗಾಗ ಕೂಡುತ್ತಿದ್ದರು. ಹೃದಯಾಘಾತವಾಗಿ ವಾರ್ಡ್ ಅವರು ಕೆಲಕಾಲ ಬಾರದೆ ಹೋದಾಗ ಬೇರೆಯವರು ಕೋಲು ಹಿಡಿದು, ಅವರು ಚೇತರಿಸಿಕೊಂಡ ಮೇಲೆ ಸ್ಥಾನವನ್ನು ಬಿಟ್ಟುಕೊಟ್ಟದ್ದೂ ಉಂಟು. ಅನಂತರ ಹೆಸರಿನ ಒಡೆತನದ ವ್ಯಾಜ್ಯ ಬಂದಿತು. 2009ರಲ್ಲಿ ಆಸ್ಬರ್ನ್ ಅವರು ಐಯೋಮಿಯವರ ಮೇಲೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು.

ಈ ಕಥೆಯ ಹೃದಯಭಾಗ ಇರುವುದು 2011ರಿಂದ ಮುಂದಕ್ಕೆ. ಆ ವರ್ಷದ ನವೆಂಬರ್ 11ರಂದು ಲಾಸ್ ಏಂಜಲೀಸಿನಲ್ಲಿ ನಾಲ್ವರೂ ಸಾಲಾಗಿ ಕುಳಿತು, ಹೊಸ ಆಲ್ಬಮ್ಮನ್ನು ರಚಿಸಿ ಲೋಕಪ್ರವಾಸ ಮಾಡುವೆವೆಂದು ಸಾರಿದರು. ಎರಡು ತಿಂಗಳೊಳಗೆ ಐಯೋಮಿಯವರಿಗೆ ಲಿಂಫೋಮ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರು ಚಿಕಿತ್ಸೆಯನ್ನು ಪಡೆಯುತ್ತಲೇ, ಅದರ ಅವಧಿಗಳಿಗೆ ಕೆಲಸವನ್ನು ಹೊಂದಿಸಿಕೊಂಡು, ಧ್ವನಿಮುದ್ರಣವನ್ನೂ ಪ್ರವಾಸವನ್ನೂ ನಡೆಸಿದ ಧೃತಿಯನ್ನು ಎಷ್ಟು ಕೊಂಡಾಡಿದರೂ ಕಡಮೆಯೇ. ಆದರೆ 2012ರ ಫೆಬ್ರವರಿಯಲ್ಲಿ ವಾರ್ಡ್ ಅವರು, ತಾವು ಸಹಿ ಹಾಕಬಹುದಾದಂಥ ಕರಾರು ಬಾರದ ಹೊರತು ಮುಂದುವರಿಯಲಾರೆವೆಂದು ಬಹಿರಂಗವಾಗಿ ತಿಳಿಸಿದರು. ಅವರ ದೇಹವು ಅಷ್ಟು ದೀರ್ಘವಾದ ಪ್ರವಾಸವನ್ನು ತಡೆಯಲಾರದೆಂಬುದು ಆಸ್ಬರ್ನ್ ಅವರ ಪಕ್ಷ. ಆ ಮಾತಿನಿಂದ ವಾರ್ಡ್ ಅವರು ನೊಂದುಕೊಂಡರು. ಉಳಿದ ಮೂವರು ಕಾಯಲಿಲ್ಲ. ಬ್ರ್ಯಾಡ್ ವಿಲ್ಕ್ ಎಂಬ ಸಮರ್ಥ ಡ್ರಮ್ಮರ್ ಬಂದರು. ‘13’ ಎಂಬ ಹೆಸರಿನ ಆಲ್ಬಮ್ 2013ರ ಜೂನಿನಲ್ಲಿ ಪ್ರಕಟವಾಗಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮಾರಾಟದ ಪಟ್ಟಿಯ ಅಗ್ರಸ್ಥಾನಕ್ಕೆ ಏರಿತು. ಬ್ರಿಟನ್ನಿನಲ್ಲಿ ಅವರಿಗೆ ಆ ಸ್ಥಾನವು 1970ರ ಬಳಿಕ ದೊರೆತದ್ದು ಆಗಲೇ. ಪ್ರವಾಸದಲ್ಲಿ ಟಾಮಿ ಕ್ಲುಫೆಟೊಸ್ ಎಂಬ ಇನ್ನೊಬ್ಬರು ಬಾರಿಸಿದರು. 2017ರ ಫೆಬ್ರವರಿ 4ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂತಿಮ ಕಾರ್ಯಕ್ರಮವೆಂದು ಸಾರಿ ನುಡಿಸಿದರು. ವಾರ್ಡ್ ಅವರು ವೇದಿಕೆಯ ಮೇಲೆ ಇರಲಿಲ್ಲ.

ಲೋಕದೃಷ್ಟಿಯಿಂದ ನೋಡಿದರೆ ಇದು ಸಂಪೂರ್ಣವಾದ ಯಶಸ್ಸು. ನಾನು ಆ ಆಲ್ಬಮ್ಮನ್ನು ಅನೇಕ ಬಾರಿ ಶ್ರದ್ಧೆಯಿಂದ ಕೇಳಿದ್ದೇನೆ, ಐಯೋಮಿಯವರ ಗಿಟಾರು ಅಲ್ಲಿ ತನ್ನ ಪ್ರಭಾವವನ್ನು ಎಳ್ಳಷ್ಟೂ ಕಳೆದುಕೊಂಡಿಲ್ಲ. ಡ್ರಮ್ಸ್ ಗಿಟಾರಿಗೆ ಗಟ್ಟಿಯಾದ ನೆಲವನ್ನು ಹಾಸಿಕೊಡುತ್ತದೆ. ಆದರೆ 1970ರ ಮುದ್ರಿಕೆಗಳಲ್ಲಿ ಅದು ಗಿಟಾರಿನೊಡನೆ ಮಾತಿಗೆ ಮಾತು ಬೆಳೆಸುತ್ತಿತ್ತು, ವಾದಕ್ಕಿಳಿಯುತ್ತಿತ್ತು. ಆ ಜೀವಂತವಾದ ತಗಾದೆ ಇಲ್ಲಿ ಇಲ್ಲ. ಇದು ವಿಲ್ಕ್ ಅವರ ಕೊರತೆಯಲ್ಲ. ಇಪ್ಪತ್ತು ವರ್ಷದ ಹುಡುಗರಾಗಿದ್ದಾಗ ಐಯೋಮಿಯವರೊಡನೆ ಒಂದೇ ವ್ಯಾನಿನಲ್ಲಿ ಊರೂರು ಅಲೆದವನಿಗೆ ಇರುವ ಸಲಿಗೆ, ಗೌರವದಿಂದ ಕರೆಸಿಕೊಂಡ ಅತಿಥಿಗೆ ಇರಲಾರದು. ಕಲೆಯ ದೃಷ್ಟಿಯಿಂದ ಆದ ನಷ್ಟ ಅಷ್ಟು. ಧರ್ಮದೃಷ್ಟಿಯಿಂದ ಆದದ್ದು ಇನ್ನೂ ದೊಡ್ಡದೆಂದು ನನ್ನ ಮತ. ಹಾಡುಗಳು ಹುಟ್ಟಿದಾಗ ನಾಲ್ಕನೆಯ ಹೆಸರನ್ನು ಸಮನಾಗಿ ಬರೆದವರು, ಆ ಹಾಡುಗಳ ಫಲವನ್ನು ಉಣ್ಣುವ ಮುಪ್ಪಿನ ಕಾಲದಲ್ಲಿ ಅದಕ್ಕೆ ಕಾಯದೆ ಹೋದರು.

ಮೂರನೆಯದಾಗಿ, ಪುನರ್ಮಿಲನವೇ ಕೂಡದೆನ್ನುವವರ ವಾದಗಳನ್ನು ನೋಡೋಣ. ಹಣದ ಆಸೆಯಿಂದ ಕೂಡುತ್ತಾರೆಂಬ ಆಕ್ಷೇಪವನ್ನು ನಾನು ಬೇಗ ದಾಟಿಬಿಡುತ್ತೇನೆ. ದುಡಿದವನು ಮುಪ್ಪಿನಲ್ಲಿ ಸಂಪಾದಿಸುವುದು ಅಪರಾಧವಲ್ಲ. ಕಂಠ ಕುಗ್ಗಿದೆ, ಕೈ ನಿಧಾನವಾಗಿದೆ, ಆದ್ದರಿಂದ ಹಳೆಯ ನೆನಪು ಕೆಡುತ್ತದೆ ಎಂಬುದು ಇದಕ್ಕಿಂತ ಗಂಭೀರವಾದ ಮಾತು. ಆದರೆ ಮುದ್ರಿತವಾದ ಧ್ವನಿಯು ಮನೆಯಲ್ಲಿ ಭದ್ರವಾಗಿದೆ. ಒಂದು ಸಂಜೆಯ ಅಪಸ್ವರದಿಂದ ಅದಕ್ಕೆ ಯಾವ ಲೋಪವೂ ತಟ್ಟದು. ಮುಪ್ಪಿನ ಕಂಠದಿಂದ ಬಂದ ಹಳೆಯ ಹಾಡು ಹಾಡಿದವನ ಆಯುಷ್ಯವನ್ನೂ ಕೂಡಿಸಿಕೊಂಡು ಬರುವುದರಿಂದ, ಕೇಳುವವನಿಗೆ ಸ್ವರದಲ್ಲಿ ಕಳೆದದ್ದು ಅರ್ಥದಲ್ಲಿ ಬಂದು ಸೇರುವುದೂ ಉಂಟು.

ಒಬ್ಬರು ತೀರಿಹೋದ ಮೇಲೆ ಉಳಿದವರು ಕೂಡುವುದೇ ಮೂಲ ಬಳಗಕ್ಕೆ ಅವಮಾನ ಎಂಬ ವಾದವೇ ಎಲ್ಲಕ್ಕಿಂತ ಘನವಾದದ್ದು. ಅದರ ಅತ್ಯುತ್ತಮ ಪ್ರತಿನಿಧಿ ಲೆಡ್ ಜೆಪ್ಲಿನ್ ತಂಡ. 1980ರ ಸೆಪ್ಟೆಂಬರ್ 25ರಂದು ಡ್ರಮ್ಮರ್ ಜಾನ್ ಬಾನಮ್ ಅವರು ಮರಣ ಹೊಂದಿದಾಗ, ಜಗತ್ತಿನ ಅತ್ಯಂತ ಬೇಡಿಕೆಯ ತಂಡವಾಗಿದ್ದ ಅದರ ಉಳಿದ ಮೂವರು, ಆ ವರ್ಷದ ಡಿಸೆಂಬರಿನಲ್ಲಿ, ತಾವು ಹಿಂದಿನಂತೆ ಮುಂದುವರಿಯಲಾರೆವೆಂದು ಸಾರಿ ತಂಡವನ್ನು ಮುಗಿಸಿಬಿಟ್ಟರು. ಹೊಸ ಡ್ರಮ್ಮರನ್ನು ಹುಡುಕುವುದು ಅವರಿಗೆ ಎಷ್ಟರ ಕೆಲಸ? 1985ರ ಲೈವ್ ಏಡ್‌ನಲ್ಲಿ ಬೇರೆ ಇಬ್ಬರು ಡ್ರಮ್ಮರುಗಳೊಡನೆ ನುಡಿಸಿದ್ದು ಅವರಿಗೇ ಹಿಡಿಸದೆ, ಆ ಕಾರ್ಯಕ್ರಮದ ಡಿವಿಡಿ 2004ರಲ್ಲಿ ಹೊರಬಂದಾ‌ಗ ತಮ್ಮ ಭಾಗವನ್ನು ಸೇರಿಸಲು ಸಮ್ಮತಿಸಲಿಲ್ಲ. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಸಭಾಂಗಣದಲ್ಲಿ, ತಮ್ಮ ಧ್ವನಿಮುದ್ರಣ ಸಂಸ್ಥೆಯ ಸ್ಥಾಪಕರಾದ ಅಹ್ಮೆತ್ ಎರ್ಟೆಗನ್ ಅವರ ಸ್ಮರಣೆಗಾಗಿ ಪೂರ್ಣಪ್ರಮಾಣದ ಒಂದು ಕಾರ್ಯಕ್ರಮವನ್ನು ಕೊಟ್ಟರು. ಅಂದು ಡ್ರಮ್ಸ್ ಬಾರಿಸಿದವರು ಬಾನಮ್ ಅವರ ಮಗ ಜೇಸನ್. ಎಲ್ಲರೂ ಪ್ರವಾಸವನ್ನು ನಿರೀಕ್ಷಿಸಿದಾಗ ಗಾಯಕ ರಾಬರ್ಟ್ ಪ್ಲಾಂಟ್ ಅವರು ಒಪ್ಪಲಿಲ್ಲ. ಅವರದು ಹಠವೆಂದು ದೂರಿದವರು ಬಹುಮಂದಿ. ನನಗಾದರೋ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ: ತಂದೆಯ ಸ್ಥಾನದಲ್ಲಿ ಮಗನು ಒಂದು ರಾತ್ರಿ ಕುಳಿತದ್ದು ಸ್ಮರಣೆ, ನೂರು ರಾತ್ರಿ ಕುಳಿತಿದ್ದರೆ ಅದು ಸ್ಥಾನವನ್ನು ತುಂಬಿಸಿಬಿಟ್ಟಂತೆ ಆಗುತ್ತಿತ್ತು.

ಪಿಂಕ್ ಫ್ಲಾಯ್ಡ್ ತಂಡದಲ್ಲಿ ಆ ಸುಲಭವಾಗಿ ಬಿಟ್ಟುಬಿಡಬಹುದಾದ ಸದಸ್ಯನೆಂದು ಎಣಿಸಲ್ಪಟ್ಟವರು ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್. ‘ದಿ ವಾಲ್’ ಆಲ್ಬಮ್ಮಿನ ತಯಾರಿಯ ಕಾಲದಲ್ಲಿ ರಾಜರ್ ವಾಟರ್ಸ್ ಅವರ ಒತ್ತಾಯದಿಂದ ಅವರು ಸದಸ್ಯತ್ವವನ್ನು ಕಳೆದುಕೊಂಡು, ಅದರ ಕಾರ್ಯಕ್ರಮಗಳಲ್ಲಿ ಸಂಬಳದ ವಾದ್ಯಗಾರರಾಗಿ ನುಡಿಸಬೇಕಾಯಿತು. ತಾವು ಕಟ್ಟಿದ ಮನೆಯಲ್ಲಿ ಬಾಡಿಗೆಗೆ ಇದ್ದಂತಾಯಿತು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಲೈವ್ 8 ಕಾರ್ಯಕ್ರಮಕ್ಕಾಗಿ ವಾಟರ್ಸ್ ಮತ್ತು ಡೇವಿಡ್ ಗಿಲ್ಮೋರ್ ಅವರು ಇಪ್ಪತ್ತನಾಲ್ಕು ವರ್ಷಗಳ ಬಳಿಕ ಒಂದೇ ವೇದಿಕೆಯನ್ನು ಏರಿದ್ದನ್ನು ಪತ್ರಿಕೆಗಳೆಲ್ಲ ಕೊಂಡಾಡಿದುವು. ನನ್ನ ಕಣ್ಣು ಹೋಗುವುದು ರೈಟ್ ಅವರ ಕಡೆಗೆ. ಕಾರ್ಯಕ್ರಮದ ಕೊನೆಯಲ್ಲಿ ನಾಲ್ವರೂ ಹೆಗಲ ಮೇಲೆ ಕೈಹಾಕಿ ನಿಂತಾಗ, ಆ ಸಾಲಿನಲ್ಲಿ ಅವರು ಸಂಬಳದವರಲ್ಲ, ನಾಲ್ವರಲ್ಲಿ ಒಬ್ಬರು. 2008ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಬಾಳಿನಲ್ಲಿ ಆ ಇಪ್ಪತ್ತು ಚಿಲ್ಲರೆ ನಿಮಿಷಗಳು ನಡೆಯದೆ ಹೋಗಿದ್ದರೆ ಎಂದು ಯೋಚಿಸಿದಾಗಲೆಲ್ಲ, ಪುನರ್ಮಿಲನವೇ ಕೂಡದೆಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

ಕೊನೆಯದಾಗಿ ಬರ್ಮಿಂಗ್‌ಹ್ಯಾಮ್‌ಗೆ ಮರಳೋಣ. ಆಸ್ಬರ್ನ್ ಅವರು 2019ರಲ್ಲಿ ಬಿದ್ದು ಕುತ್ತಿಗೆಗೆ ಪೆಟ್ಟು ಮಾಡಿಕೊಂಡು, ಶಸ್ತ್ರಚಿಕಿತ್ಸೆಗಳಿಗೆ ಗುರಿಯಾಗಿ, ಪಾರ್ಕಿನ್ಸನ್ ವ್ಯಾಧಿಯಿಂದಲೂ ಪೀಡಿತರಾಗಿ, ನಡೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದರು. 2025ರ ಆರಂಭದಲ್ಲಿ, ಆಸ್ಟನ್‌ನ ವಿಲ್ಲಾ ಪಾರ್ಕ್ ಕಾಲ್ಚೆಂಡಿನ ಕ್ರೀಡಾಂಗಣದಲ್ಲಿ ನಾಲ್ವರೂ ಕೂಡಿ ಒಂದೇ ಒಂದು ಬಾರಿ ನುಡಿಸುವರೆಂದು ಪ್ರಕಟಣೆ ಬಂದಿತು. ಹುಡುಗ ಆಸ್ಬರ್ನ್ ಬೆಳೆದ ಮನೆ ಅಲ್ಲಿಗೆ ಕೂಗಳತೆ. ಕಾರ್ಯಕ್ರಮದ ಹಣವು ಪಾರ್ಕಿನ್ಸನ್ ವ್ಯಾಧಿಯ ಸಂಶೋಧನೆಗೂ, ನಗರದ ಮಕ್ಕಳ ಆಸ್ಪತ್ರೆಗೂ, ಮರಣಾಸನ್ನರಾದ ಮಕ್ಕಳನ್ನು ನೋಡಿಕೊಳ್ಳುವ ಒಂದು ಸಂಸ್ಥೆಗೂ ಸಲ್ಲುವುದೆಂದು ಮೊದಲೇ ಗೊತ್ತುಮಾಡಲಾಗಿತ್ತು. ಅದಕ್ಕೆ ಕೆಲವು ದಿನಗಳ ಮುಂಚೆ ಬರ್ಮಿಂಗ್‌ಹ್ಯಾಮ್ ನಗರಾಡಳಿತವು ನಾಲ್ವರಿಗೂ ತನ್ನ ಅತ್ಯುಚ್ಚ ಪೌರಸನ್ಮಾನವನ್ನು ಒಂದೇ ಸಮಾರಂಭದಲ್ಲಿ ನೀಡಿತು.

ಜುಲೈ 5ರಂದು ನಡುಹಗಲಿನಿಂದ ಹೊತ್ತು ಮುಳುಗುವವರೆಗೆ ಮೆಟಾಲಿಕಾ, ಸ್ಲೇಯರ್, ಗನ್ಸ್ ಅಂಡ್ ರೋಸಸ್ ಮೊದಲಾದ ಶಿಷ್ಯಸಮಾನವಾದ ತಂಡಗಳು ಒಂದರ ಬಳಿಕ ಒಂದಾಗಿ ಬಂದು, ತಮ್ಮ ಹಾಡುಗಳ ಜತೆಗೆ ಗುರುಗಳ ಹಾಡುಗಳನ್ನೂ ನುಡಿಸಿ ವಂದನೆ ಸಲ್ಲಿಸಿದುವು. ನಲವತ್ತು ಸಾವಿರಕ್ಕೂ ಮಿಗಿಲಾದ ಜನ. ಆಸ್ಬರ್ನ್ ಅವರು ಕಪ್ಪು ಸಿಂಹಾಸನದಂಥ ಪೀಠದಲ್ಲಿ ಕುಳಿತೇ ಹಾಡಿದರು, ಏಳಲು ಯತ್ನಿಸಿ ಏಳಲಾರದೆ ಹೋದರು. ಐಯೋಮಿಯವರಿಗೆ ಎಪ್ಪತ್ತೇಳು, ವಾರ್ಡ್ ಅವರಿಗೂ ಎಪ್ಪತ್ತೇಳು. ನಾಲ್ಕು ಹಾಡುಗಳು ಮಾತ್ರ. ಮೊದಲನೆಯದು ‘ವಾರ್ ಪಿಗ್ಸ್’. ನಾನು ಆಗ ವಿವರಿಸಿದ ಆ ಎರಡು ಪೆಟ್ಟುಗಳಾದ ಮೇಲೆ ಗಿಟಾರುಗಳು ನಿಂತಾಗ, ಎಣಿಕೆಯನ್ನು ಹಿಡಿದದ್ದು 1970ರಲ್ಲಿ ಹಿಡಿದ ಕೈಗಳೇ. ವೇಗವೂ ಬಲವೂ ಹಿಂದಿನಷ್ಟಿರಲಿಲ್ಲ. ಕೆಲವೆಡೆ ಸಡಿಲವಾದದ್ದೂ ಉಂಟು. ಆದರೆ ಆ ಹಳೆಯ ತೂಗಾಟವು, ಹಾಡುವವನಿಗಾಗಿ ಕೂದಲೆಳೆಯಷ್ಟು ತಡೆದು ನಿಲ್ಲುವ ಆ ಸಲಿಗೆಯು, ಅಲ್ಲಿ ಮರಳಿ ಬಂದಿತ್ತು. ಕಾರ್ಯಕ್ರಮ ಮುಗಿದಾಗ ಬಟ್ಲರ್ ಅವರು ಆಸ್ಬರ್ನ್ ಅವರಿಗೆ ಒಂದು ಕೇಕನ್ನು ತಂದುಕೊಟ್ಟರು. ಹದಿನೇಳು ದಿನಗಳ ಬಳಿಕ, ಜುಲೈ 22ರಂದು, ಆಸ್ಬರ್ನ್ ಅವರು ನಿಧನರಾದರು.

ಆ ಸಂಜೆಯ ಪುನರ್ಮಿಲನವು ಯುಕ್ತವಾದದ್ದೆಂದು ನಾನು ನಿಸ್ಸಂಕೋಚವಾಗಿ ಹೇಳುವೆನಾದರೆ ಅದಕ್ಕೆ ಕಾರಣ ಈ ಮರಣದ ಸಾಮೀಪ್ಯವಲ್ಲ. ಆಸ್ಬರ್ನ್ ಅವರು ಇನ್ನೂ ಹತ್ತು ವರ್ಷ ಬದುಕಿದ್ದರೂ ನನ್ನ ತೀರ್ಮಾನ ಅದೇ ಆಗಿರುತ್ತಿತ್ತು. 2013ರಲ್ಲಿ ಅಗ್ರಸ್ಥಾನವನ್ನು ಗಳಿಸಿದ ಮೂವರು, ನಾಲ್ಕನೆಯವರನ್ನು ಬಿಟ್ಟರೆ ಕೆಲಸ ಸಾಗುವುದೆಂಬುದನ್ನು ಕಂಡುಂಡ ಮೇಲೂ, ಅವರಿಲ್ಲದೆ ಇದು ಮುಗಿಯಕೂಡದೆಂದು ಅವರನ್ನು ಕರೆದರು. ಮನಸ್ಸು ನೊಂದಿದ್ದ ನಾಲ್ಕನೆಯವರು ಹಳೆಯ ಮಾತುಗಳನ್ನು ಹಿಂದಿಟ್ಟು ಬಂದರು. ಇನ್ನು ಮುಂದೆ ಉಳಿದ ಮೂವರು ಬೇರೊಬ್ಬ ಗಾಯಕನನ್ನು ಕೂಡಿಸಿಕೊಂಡು ಆ ಹೆಸರಿನಲ್ಲಿ ಪ್ರವಾಸ ಹೊರಡಕೂಡದೆಂಬುದೂ ನನ್ನ ಸ್ಪಷ್ಟವಾದ ಅಭಿಪ್ರಾಯ. ಬೇರೆ ಹೆಸರಿನಿಂದ ನುಡಿಸುವರಾದರೆ ಕೇಳಲು ನಾನು ಮೊದಲಿಗನಾಗಿರುತ್ತೇನೆ.

ಈ ಅಳತೆಗೋಲನ್ನು ಈಗಲೂ ನಾಲ್ವರೂ ಬದುಕಿರುವ ಒಂದು ತಂಡಕ್ಕೆ ಹಿಡಿದುನೋಡಿ ಮಾತನ್ನು ಮುಗಿಸುತ್ತೇನೆ. ಅಮೆರಿಕದ ಟಾಕಿಂಗ್ ಹೆಡ್ಸ್ ತಂಡವು 1991ರಲ್ಲಿ ಅಧಿಕೃತವಾಗಿ ಮುಗಿಯಿತು. 1996ರಲ್ಲಿ ಗಾಯಕ ಡೇವಿಡ್ ಬರ್ನ್ ಅವರನ್ನು ಬಿಟ್ಟು ಉಳಿದ ಮೂವರು ಒಂದು ಆಲ್ಬಮ್ಮನ್ನು ಹೊರತಂದಾಗ ವ್ಯಾಜ್ಯವಾಯಿತು; 2002ರಲ್ಲಿ ಒಂದು ಸನ್ಮಾನದ ಸಂದರ್ಭದಲ್ಲಿ ನಾಲ್ವರೂ ಕೂಡಿ ನುಡಿಸಿದರು; 2023ರಲ್ಲಿ ತಮ್ಮ ಹಳೆಯ ಚಲನಚಿತ್ರದ ಮರುಪ್ರದರ್ಶನಕ್ಕಾಗಿ ಟೊರೊಂಟೊದಲ್ಲಿ ಒಟ್ಟಿಗೆ ಕುಳಿತು ಮಾತನಾಡಿದರು. ಅಂದಿನಿಂದ ಅವರು ಮತ್ತೆ ವೇದಿಕೆಯೇರಬೇಕೆಂಬ ಒತ್ತಾಯ ನಿಂತಿಲ್ಲ, ಬರ್ನ್ ಅವರು ಒಪ್ಪಿಲ್ಲ. ಒಪ್ಪದಿರುವ ಹಕ್ಕು ಅವರಿಗೆ ಪೂರ್ಣವಾಗಿದೆ. ಮನಸ್ಸಿಲ್ಲದವನನ್ನು ಎಳೆದುತಂದು ನಿಲ್ಲಿಸಿದ ಸಾಲು ಮೂಲ ಬಳಗವಾಗುವುದಿಲ್ಲ. ಮುಂದೊಂದು ದಿನ ಅವರು ಒಪ್ಪಿದರೆ ಪತ್ರಿಕೆಗಳು ಆ ಒಪ್ಪಿಗೆಯನ್ನೇ ದೊಡ್ಡಕ್ಷರದಲ್ಲಿ ಅಚ್ಚುಹಾಕುವುವು. ನಾನಾದರೋ ಬೇಸ್ ಗಿಟಾರಿನ ಟೀನಾ ವೇಮತ್, ಡ್ರಮ್ಸಿನ ಕ್ರಿಸ್ ಫ್ರಾಂಟ್ಜ್ ಮತ್ತು ಕೀಬೋರ್ಡಿನ ಜೆರ್ರಿ ಹ್ಯಾರಿಸನ್ ಅವರು ಯಾವ ಷರತ್ತಿನ ಮೇಲೆ ಸಹಿ ಹಾಕಿದರೆಂಬುದನ್ನು ಓದಿದ ಮೇಲೆ ಟಿಕೆಟ್ಟನ್ನು ಕೊಳ್ಳುತ್ತೇನೆ.